ಬೋಲ್ಟಿನ ಕೆಳಗಿನ ಬಣ್ಣ

"ಗುರುಗಳೇ, ಮೂರು ಹೊತ್ತು ಪೂಜೆ ಮಾಡುತ್ತೇನೆ, ಸೋಮವಾರ ಉಪವಾಸ, ಅಮಾವಾಸ್ಯೆಗೆ ಮೌನ. ಮೂರು ಮಂತ್ರ ಬದಲಿಸಿದೆ. ಮನಸ್ಸು ಮಾತ್ರ ನೆಟ್ಟಗಾಗಲಿಲ್ಲ. ನಾಲ್ಕನೆಯ ಮಂತ್ರ ಕೊಡುವಿರಾ?" ಎಂದು ಶಿಷ್ಯ ಮರುಳಪ್ಪ ಕೇಳಿದ.

"ಕೊಡೋಣ, ಅದಕ್ಕೇನಂತೆ! ಮೊದಲು ಒಬ್ಬ ಚಾಲಕನ ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಚಾಲಕನಿದ್ದ. ಹನ್ನೊಂದು ಹಳ್ಳಿಗಳ ಹಾಲನ್ನು ಬೆಳಿಗ್ಗೆ ಎಂಟರೊಳಗೆ ಡೇರಿಗೆ ಮುಟ್ಟಿಸುವುದು ಅವನ ಕೆಲಸ. ಗಾಡಿ ಹೊಸ ಬಗೆಯದು. ಗೇರನ್ನು ಕೈಯಿಂದ ಹಾಕಬೇಕಾಗಿಲ್ಲ. ಒಳಗೊಂದು ಕಂಪ್ಯೂಟರ್ ಪೆಟ್ಟಿಗೆಯಿದೆ. ಎಂಜಿನ್ನಿನ ಬಿಸಿ, ಚಕ್ರದ ವೇಗ ಎಲ್ಲವನ್ನೂ ತಿಳಿದುಕೊಂಡು ಅದೇ ಗೇರು ಬದಲಿಸುತ್ತದೆ. ಚಾಲಕ ಅದನ್ನು ಗಾಡಿಯ ತಲೆ ಎನ್ನುತ್ತಿದ್ದ.

ಆ ಗಾಡಿಯೆಂದರೆ ಅವನಿಗೆ ಪ್ರಾಣ. ಆಯುಧಪೂಜೆಗೆ ಉಳಿದವರು ತೊಳೆದು ಕುಂಕುಮ ಹಚ್ಚಿದರೆ ಮುಗಿಯಿತು. ಇವನಿಗೆ ಅಷ್ಟು ಸಾಲದು. ಬೋಲ್ಟುಗಳನ್ನೆಲ್ಲ ಬಿಚ್ಚಿ, ಚಾಸಿಯ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ, ಮೂಲೆ ಮೂಲೆಗೂ ಕೈಯಾರೆ ಎರಡು ಕೋಟ್ ಬಣ್ಣ ಬಳಿದ. ಒಣಗಿದ ಮೇಲೆ ಮತ್ತೆ ಬಿಗಿದ. ಚಕ್ರದಡಿ ನಿಂಬೆಹಣ್ಣು ಇಟ್ಟು, ಅದನ್ನು ತುಳಿಸಿಕೊಂಡು ಹೊರಟ. ಗಾಡಿ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

ಮರುದಿನವೇ ಅದು ಮೂರನೇ ಗೇರಿಗೆ ಕಚ್ಚಿಕೊಂಡಿತು. ಏನು ಮಾಡಿದರೂ ವೇಗ ನಲವತ್ತು ದಾಟದು. ಹಾಲು ಡೇರಿ ಮುಟ್ಟಿದಾಗ ಹತ್ತೂವರೆ; ಅರ್ಧ ಒಡೆದು ಹೋಗಿತ್ತು. ಮೆಕ್ಯಾನಿಕ್ ನೋಡಿ, ತಲೆ ಕೆಟ್ಟಿದೆ ಎಂದ. ಹೊಸ ತಲೆ ಹಾಕಿಸಿದ್ದಾಯಿತು. ಅದೂ ಹಾಗೆಯೇ ಮಾಡಿತು. ಅದನ್ನು ತೆಗೆಸಿ ಇನ್ನೊಂದು ಹಾಕಿಸಿದ. ಅದರ ಹಣೆಬರಹವೂ ಅಷ್ಟೇ. ನಾಳೆಯೂ ತಡವಾದರೆ ಈ ದಾರಿ ಬೇರೆಯವರಿಗೆ ಎಂದು ಡೇರಿಯವರು ಹೇಳಿಬಿಟ್ಟರು. ಹದಿನಾಲ್ಕು ವರ್ಷ ಓಡಿಸಿದ ದಾರಿ! ಚಾಲಕ ಗಡಿಬಿಡಿಯಲ್ಲಿ ಮತ್ತೊಂದು ಪೂಜೆ ಮಾಡಿಸಿ, ಗಾಡಿಯ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಗಾಡಿ ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ರಹಮತ್ ಸಾಬರೆಂಬ ವಯಸ್ಸಾದ ಎಲೆಕ್ಟ್ರಿಷಿಯನ್ ಬಳಿ ತಂದು ನಿಲ್ಲಿಸಿದ. ಸಾಬರು ತಲೆಯನ್ನು ಮುಟ್ಟಲೇ ಇಲ್ಲ. ಗಾಡಿಯ ಅಡಿಗೆ ತೂರಿ, ಚಾಸಿಗೆ ಬಿಗಿದಿದ್ದ ಅರ್ತಿಂಗ್ ವೈರಿನ ಬೋಲ್ಟ್ ಬಿಚ್ಚಿದರು.

"ಇಲ್ಲಿಗೂ ಬಣ್ಣ ಬಳಿದ ಮಹಾನುಭಾವ ಯಾರು?"

"ನಾನೇ ಸಾಬರೇ. ಒಂದಿಂಚೂ ಬಿಟ್ಟಿಲ್ಲ" ಎಂದ ಚಾಲಕ, ಹೆಮ್ಮೆಯಿಂದ.

"ಅಯ್ಯೋ ಪುಣ್ಯಾತ್ಮ! ತಲೆಗೆ ಹೋದ ಕರೆಂಟು ಈ ಕಬ್ಬಿಣದ ಮೇಲೆ ಹಾದು ಬ್ಯಾಟರಿಗೆ ಮರಳಬೇಕು. ಬಣ್ಣದಲ್ಲಿ ಕರೆಂಟು ಹಾಯದು; ನೀನು ಅದರ ದಾರಿಯನ್ನೇ ಮುಚ್ಚಿದ್ದೀಯ. ಈಗ ತಲೆಗೆ ಬರುವ ಸುದ್ದಿಯೆಲ್ಲ ಸುಳ್ಳು. ತಣ್ಣಗಿರುವ ಎಂಜಿನ್ ಕುದಿಯುತ್ತಿದೆ ಅಂತ ಕೇಳಿಸಿದರೆ ಪಾಪ, ಅದು ಏನು ಮಾಡೀತು? ಅನಾಹುತ ಬೇಡವೆಂದು ಒಂದೇ ಗೇರಿನಲ್ಲಿ ಹೆದರಿ ಕೂತಿದೆ."

ಸಾಬರು ಬ್ಲೇಡ್ ತೆಗೆದರು. ಪೂಜೆಗೆಂದು ಬಳಿದ ಬಣ್ಣ, ಕೆರೆಯಬೇಡಿ ಎಂದು ಚಾಲಕ ಅವರ ಕೈ ಹಿಡಿದುಕೊಂಡ.

"ಹಾಗಾದರೆ ಗಾಡಿಯನ್ನು ನೋಡುತ್ತಾ ಕೂತಿರು, ಓಡಿಸಬೇಡ" ಎಂದರು ಸಾಬರು.

ಚಾಲಕ ಹಿಡಿದ ಕೈ ಬಿಟ್ಟ. ಆಮೇಲೆ ಬ್ಲೇಡನ್ನು ತಾನೇ ಇಸಿದುಕೊಂಡು ಅಡಿಗೆ ತೂರಿದ. ಒಂದು ರೂಪಾಯಿಯಷ್ಟು ಅಗಲಕ್ಕೆ ಬರಿ ಕಬ್ಬಿಣ ಕಾಣುವವರೆಗೆ ಕೆರೆದ. ಮರುದಿನ ಹಾಲು ಏಳೂಮುಕ್ಕಾಲಿಗೆ ಡೇರಿ ಮುಟ್ಟಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮರುಳಪ್ಪ, "ಹಾಗಾದರೆ ನನ್ನ ಮಂತ್ರ?" ಎಂದ.

"ಮಂತ್ರ ಇರಲಿ ಮಾರಾಯ, ನಿನ್ನ ಭಕ್ತಿಯನ್ನು ಎಲ್ಲಿ ಕೆರೆಯೋಣ, ಹೇಳು" ಎಂದರು ಗುರುಗಳು.