ಹಗ್ಗದ ಈಚೆ

"ಗುರುಗಳೇ, ಗುರುತಿಲ್ಲದವರನ್ನು ತಡೆಯಬಲ್ಲೆ. ನನ್ನವರನ್ನು ಹೇಗೆ ತಡೆಯಲಿ?" ಎಂದು ಚೆನ್ನವೀರ ಕೇಳಿದ.

ಆಶ್ರಮದ ಹಿಂದಿನ ಕಾಡಿನಲ್ಲಿ ಜಿಂಕೆಗಳು ಮರಿಹಾಕುವ ಕಾಲ. ಆ ದಿನಗಳಲ್ಲಿ ಯಾರೂ ಒಳಗೆ ಹೋಗದಂತೆ ನೋಡಿಕೊಳ್ಳುವ ಕೆಲಸ ಈ ಶಿಷ್ಯನದು. ಮರುದಿನ ಅವನ ತಂದೆ ಊರಿನಿಂದ ಬರುವವರಿದ್ದರು. ಜಿಂಕೆಮರಿಗಳನ್ನು ನೋಡಬೇಕೆಂದು ಮೊದಲೇ ಹೇಳಿಕಳಿಸಿದ್ದರು. ತಡೆದು ನಿಲ್ಲಿಸಿದರೆ ಅವರ ಮನಸ್ಸು ನೊಂದೀತು ಎಂಬ ಚಿಂತೆ ಅವನಿಗೆ ಹತ್ತಿತ್ತು.

ಗುರುಗಳು ಕತೆ ಹೇಳಿದರು.

ಒಂದು ಕೆರೆ. ಅದರಲ್ಲಿ ಒಂದು ನಡುಗಡ್ಡೆ. ಗಡ್ಡೆಯ ಮರಗಳಿಗೆ ವರ್ಷವರ್ಷವೂ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತಿದ್ದವು. ಅವುಗಳಿಗೆ ಒಬ್ಬ ಕಾವಲುಗಾರನಿದ್ದ. ತನ್ನ ಮನೆಯ ಮಾಡು ಸೋರಿದರೂ ಅವನಿಗೆ ಚಿಂತೆಯಿರಲಿಲ್ಲ. ಕೊಕ್ಕರೆಗಳ ಮಾತು ಬಂದರೆ ಸಾಕು, ಎದೆ ಉಬ್ಬುತ್ತಿತ್ತು.

ಆ ಹೆಮ್ಮೆಯೇ ಮೊದಲು ಕೆಲಸ ಕೆಡಿಸಿತು. ನೋಡಲು ಬಂದವರನ್ನೆಲ್ಲ ಅವನು ಹರಿಗೋಲಿನಲ್ಲಿ ಕೂರಿಸಿಕೊಂಡು ಮರಗಳ ಬುಡಕ್ಕೇ ಕರೆದೊಯ್ದ. ಜನ ಅವನನ್ನು ಬಾಯ್ತುಂಬ ಹೊಗಳಿದರು. ಹರಿಗೋಲು ಹೋದಾಗಲೆಲ್ಲ ತಾಯಿಹಕ್ಕಿಗಳು ಬೆದರಿ ಹಾರಿದವು. ಅವು ಮರಳುವಷ್ಟರಲ್ಲಿ ಕಾಗೆಗಳು ಮೊಟ್ಟೆ ಒಡೆದಿರುತ್ತಿದ್ದವು. ಆ ವರ್ಷ ಬಂದ ಜನ ಹೆಚ್ಚು, ರೆಕ್ಕೆ ಬಲಿತು ಹಾರಿದ ಮರಿಗಳು ಕಡಿಮೆ. ಅದು ಅವನೊಬ್ಬನಿಗೇ ಗೊತ್ತಿತ್ತು. ತಪ್ಪು ತನ್ನದೇ ಎಂದು ಅವನು ಅತ್ತ.

ಮುಂದಿನ ವರ್ಷ ಅವನು ಕೆರೆಯ ಏರಿಯ ಮೇಲೆ ಒಂದು ಹಗ್ಗ ಕಟ್ಟಿದ. ಮರಿಗಳು ಹಾರುವವರೆಗೆ ಯಾರೂ ಹಗ್ಗ ದಾಟುವಂತಿಲ್ಲ, ಹರಿಗೋಲು ನೀರಿಗಿಳಿಯುವಂತಿಲ್ಲ. ಹಗ್ಗದ ಬಳಿಗೂ ಒಮ್ಮೆಗೆ ಇಪ್ಪತ್ತೇ ಜನ. ಉಳಿದವರು ಏರಿಯ ಕೆಳಗೆ ಸರದಿ ಕಾಯಬೇಕು. ಬೈಯುವುದರಲ್ಲಿ ಜನ ಎಂದೂ ಜಿಪುಣರಲ್ಲ. "ಕೆರೆ ಇವನಪ್ಪನ ಆಸ್ತಿಯೇನು?" ಎಂದರು. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಒಂದು ದಿನ ಅವನ ತಾಯಿ ಬಂದಳು. ಅವಳಿಗೆ ದೂರದ್ದು ಕಾಣುತ್ತಿರಲಿಲ್ಲ. ಕಣ್ಣು ಪೂರ್ತಿ ಹೋಗುವ ಮುನ್ನ, ಮಗ ಕಾಯುವ ಹಕ್ಕಿಗಳನ್ನು ಒಮ್ಮೆ ಹತ್ತಿರದಿಂದ ನೋಡುವ ಆಸೆ. ಹೋಗಲಿ ಬಿಡು, ನಾವೇನೂ ಅನ್ನುವುದಿಲ್ಲ ಎಂದು ಸರದಿಯಲ್ಲಿದ್ದವರೇ ಹೇಳಿದರು. ಕಾವಲುಗಾರನ ಕೈ ಹರಿಗೋಲಿನ ಕಟ್ಟು ಬಿಚ್ಚಲು ಹೋಯಿತು. ಆದರೆ ಬಂದವಳು ಯಾರ ತಾಯಿ ಎಂದು ಹಕ್ಕಿಗೇನು ಗೊತ್ತು? ಅವನು ಕೈ ಹಿಂದಕ್ಕೆ ತೆಗೆದು, ಅವಳನ್ನು ಹಗ್ಗದ ಈಚೆ ಕೂರಿಸಿದ. ಅವಳು ಮರಿಗಳ ಗಲಾಟೆಯನ್ನು ಕೇಳುತ್ತ ಕುಳಿತಳು. ಆಮೇಲೆ ಎದ್ದುಹೋದಳು. ಅಂದು ಅವನು ಉಣ್ಣದೆ ಮಲಗಿದ.

ವಾರದೊಳಗೆ ಅರಸ ಬಂದ. ಸೇವಕರು ಹಗ್ಗ ಬಿಚ್ಚಲು ಹೋದರು. ಕಾವಲುಗಾರ ಅಡ್ಡ ನಿಂತ. ಕೆಲಸ ಹೋಗುತ್ತದೆ, ತಲೆಯೂ ಹೋದೀತು ಎಂದು ಅವನಿಗೆ ಗೊತ್ತಿತ್ತು.

"ನಾನು ಯಾರೆಂದು ಬಲ್ಲೆಯಾ?" ಎಂದು ಅರಸ ಕೇಳಿದ.

"ಬಲ್ಲೆ, ಮಹಾಸ್ವಾಮಿ. ಹೆತ್ತ ತಾಯಿಯನ್ನೇ ಇಲ್ಲಿ ಕೂರಿಸಿ ಕಳಿಸಿದ್ದೇನೆ. ಈಗ ನಿಮ್ಮನ್ನು ಬಿಟ್ಟರೆ, ಯಾವ ಮುಖ ಹೊತ್ತು ಮನೆಗೆ ಹೋಗಲಿ?"

ಅರಸ ಏರಿಯಿಂದ ಕೆಳಗಿಳಿದು, ಸರದಿಯಲ್ಲಿದ್ದ ಒಬ್ಬ ಕುಂಬಾರನ ಹಿಂದೆ ಹೋಗಿ ಕುಳಿತ. ರೇಷ್ಮೆಯುಟ್ಟ ಮಂತ್ರಿಗಳೂ ವಿಧಿಯಿಲ್ಲದೆ ಮಣ್ಣಿನಲ್ಲಿ ಕುಳಿತರು. ಆ ವರ್ಷ ಮರಿಗಳು ಹಾರಿದ ದಿನ ಗಡ್ಡೆಯ ಮೇಲಿನ ಆಕಾಶವೆಲ್ಲ ರೆಕ್ಕೆಗಳಿಂದ ತುಂಬಿಹೋಯಿತು. ಕಾವಲುಗಾರ ತಲೆಯೆತ್ತಿ, ಕಣ್ತುಂಬ ನೋಡಿದ.

ಕತೆ ಅಲ್ಲಿಗೆ ನಿಂತಿತು. ಚೆನ್ನವೀರನಿಗೆ ಅರಸನ ಸಂಗತಿ ಬೇಕಿರಲಿಲ್ಲ.

"ಆ ತಾಯಿ ನೊಂದುಕೊಳ್ಳಲಿಲ್ಲವೇ, ಗುರುಗಳೇ?"

"ಸಾಯುವವರೆಗೂ ಅವಳು ಕಂಡವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡದ್ದು ಒಂದೇ ಮಾತು, 'ನನ್ನ ಮಗ ನನ್ನನ್ನೂ ಒಳಗೆ ಬಿಡಲಿಲ್ಲ ಕಣ್ರೀ!'"