ಮೊಗ್ಗಿನ ಜಡೆಯ ಗುಟ್ಟು

ಅರಳದ ಮೊಗ್ಗನ್ನ ಸೂಜಿದಾರದಲ್ಲಿ ಒಂದೊಂದಾಗಿ ಹೊಲಿದು ಮದುಮಗಳಿಗೆ ಜಡೆ ಮಾಡೋದ್ರಲ್ಲಿ ಪಂಕಜಮ್ಮ ಎತ್ತಿದ ಕೈ. ಯಾರು ಕರೆದರೂ ಹೋಗೋರು. ಅದೇ ಅವರ ಅನ್ನ.

ಮದುವೆ ಮಾಡಿಸೋ ಕಂಪನಿಯ ಜಯಸಿಂಹರಾಯರು ಒಂದು ದಿನ ಅವರ ಮುಂದೆ ಕಾಗದ ಹಿಡಿದರು. ಎರಡು ವರ್ಷ ಬೇರೆ ಯಾರಿಗೂ ಜಡೆ ಹಾಕಬಾರದಂತೆ. ಸೈನ್ ಮಾಡದಿದ್ದರೆ ನಾಳೆಯಿಂದ ಬರೋದೇ ಬೇಡವಂತೆ.

"ಹಾಗಾದ್ರೆ ಇನ್ಮೇಲೆ ಸಂಬಳ, ರಜ ಎಲ್ಲಾ ಉಂಟಾ ಸಾರ್?"

"ಛೆ, ಛೆ! ನೀವು ಸ್ವತಂತ್ರರು ಕಣಮ್ಮ. ನಮ್ಮ ಕಂಪನಿ ಗುಟ್ಟು ಹೊರಗೆ ಹೋಗಬಾರದು, ಅಷ್ಟೆ."

"ಸರಿ ಸಾರ್. ಹಾಗಾದ್ರೆ ಗುಟ್ಟನ್ನೇ ಬರೆದುಬಿಡಿ. ಅದೊಂದನ್ನ ಬೇರೆ ಎಲ್ಲೂ ಮಾಡಲ್ಲ."

ರಾಯರು ಹಳೇ ಸಾಲು ಹೊಡೆದುಹಾಕಿ ಜಂಬದಿಂದ ಬರೆದರು: 'ಚೆನ್ನಾಗಿ ಅರಳಿದ ಮಲ್ಲಿಗೆಯನ್ನು ಗೋಂದು ಹಚ್ಚಿ ಕೂದಲಿಗೆ ಅಂಟಿಸುವ ವಿಧಾನವನ್ನು ಎರಡು ವರ್ಷ ಅನ್ಯರಿಗಾಗಿ ಬಳಸತಕ್ಕದ್ದಲ್ಲ.'

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಎರಡು ವರ್ಷ ಯಾಕೆ ಸಾರ್? ಜೀವ ಇರೋವರೆಗೂ ಅಂತ ಹಾಕಿ" ಅಂದು ಪಂಕಜಮ್ಮ ಸೈನ್ ಮಾಡಿದರು.

ಅವರ ನಿಷ್ಠೆಗೆ ರಾಯರ ಕಣ್ಣು ಒದ್ದೆಯಾಯ್ತು. ಕಾಗದಕ್ಕೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದರು. ಮದುವೆ ಮಾತಾಡೋಕೆ ಬಂದ ಹೆಣ್ಣಿನ ಕಡೆಯವರು ಅದನ್ನ ಓದುತ್ತಾರೆ. ಓದಿ, ಪಂಕಜಮ್ಮನ ಮನೆ ಎಲ್ಲಿ ಅಂತ ಅಲ್ಲೇ ವಿಚಾರಿಸಿಕೊಂಡು ಹೋಗುತ್ತಾರೆ.