ಬೆಲ್ಲ ಹೊತ್ತ ಸಾಹುಕಾರ

ಸಂಗನಪೇಟೆಯ ಬಡಗಣ ದಿಕ್ಕಿಗೆ ಒಂದು ಬೋಳು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಎರಡು ಅಂಕಣದ ಮಣ್ಣಿನ ಮಠ. ಪೂಜ್ಯ ನಿರಂಜನಪಾದ ಅಜ್ಜನವರು ತಮ್ಮ ಆಯುಷ್ಯದ ಬಹುಭಾಗವನ್ನು ಅಲ್ಲಿಯೇ ಕಳೆದರು. ಮಠಕ್ಕೆ ಹೊಲ, ಮನೆ, ಆಸ್ತಿ ಏನೂ ಇರಲಿಲ್ಲ. ಒಂದು ಒಲೆ, ಒಂದು ಕೊಡ, ಒಂದು ಕಸಬರಿಗೆ. ಆ ಕಸಬರಿಗೆಯನ್ನು ಅಜ್ಜನವರು ಯಾವ ಭಕ್ತರ ಕೈಗೂ ಕೊಡುತ್ತಿರಲಿಲ್ಲ. ಬೆಳಗಿನ ಪೂಜೆ ಮುಗಿಯುತ್ತಲೇ ನೆತ್ತಿಯಿಂದ ಬುಡದವರೆಗೆ ಮೆಟ್ಟಿಲು ಗುಡಿಸುತ್ತ ಇಳಿಯುವರು. ಬುಡದ ಬಾವಿಯಲ್ಲಿ ಕೊಡ ತುಂಬಿಕೊಂಡು ಏರುವರು. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಒಂದಿಷ್ಟು ಪುಂಡಿಪಲ್ಲೆ, ಮಜ್ಜಿಗೆ. ಇನ್ನೊಂದು ರೊಟ್ಟಿ ಹಿಡಿಸುವಷ್ಟು ಹಸಿವು ಉಳಿದಿರುವಾಗಲೇ ಕೈತೊಳೆದು ಏಳುವರು. ಹೊತ್ತು ಮುಳುಗಿದ ಮೇಲೆ ಮಠದ ಒಲೆ ಉರಿಯುತ್ತಿರಲಿಲ್ಲ. ಎಂಬತ್ತರ ಸಮೀಪದ ದೇಹ ಬಾರುಕೋಲಿನಂತೆ ನೆಟ್ಟಗಿತ್ತು.

ಪವಾಡ ಕೇಳಬಯಸುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಪ್ರಸಂಗದಲ್ಲಿ ಸತ್ತವರು ಏಳುವುದಿಲ್ಲ, ಬತ್ತಿದ ಬಾವಿ ಉಕ್ಕುವುದಿಲ್ಲ. ಸಾಯುತ್ತೇನೆಂದು ಹೆದರಿ ಕೂತಿದ್ದ ಒಬ್ಬ ಮನುಷ್ಯ ಎದ್ದು ನಡೆದ, ಅಷ್ಟೆ.

ಆ ಮನುಷ್ಯ ಬೆಲ್ಲದ ವ್ಯಾಪಾರಿ ಮುರಿಗೆಪ್ಪ. ಪೇಟೆಯಲ್ಲಿ ಅವನದು ದೊಡ್ಡ ಅಂಗಡಿ, ದೊಡ್ಡ ಮಾತು, ಹೊರಗೆ ಯಾರಿಗೂ ತೋರಗೊಡದ ಒಂದು ದೊಡ್ಡ ಭಯ. ಅವನ ಮನೆತನದಲ್ಲಿ ಐವತ್ತು ದಾಟಿದ ಗಂಡಸರಿರಲಿಲ್ಲ. ತಂದೆ ನಲವತ್ತೊಂಬತ್ತಕ್ಕೆ ಹೋದ. ಅಣ್ಣ ಚಂದ್ರಾಮಪ್ಪನೂ ಅದೇ ವಯಸ್ಸಿನಲ್ಲಿ, ನಾಗರಪಂಚಮಿಯ ದಿನ ಹೊಟ್ಟೆತುಂಬ ಉಂಡು, ಅಂಗಡಿಯ ಗಾದಿಯ ಮೇಲೆ ದಿಂಬಿಗೆ ಒರಗಿದವನು ಏಳಲೇ ಇಲ್ಲ. ಸಂಜೆ ಗಿರಾಕಿ ಬಂದು ಕೂಗಿದಾಗಲೇ ಗೊತ್ತಾದದ್ದು. ಈಗ ಆ ಗಾದಿಯ ಮೇಲೆ ಕೂಡುವವನು ಮುರಿಗೆಪ್ಪ.

ಡಾಕ್ಟರು ನಾಡಿ ನೋಡಿ, ಮೈ ಇಳಿಸು, ಎದೆಯ ಕಡೆ ಲಕ್ಷ್ಯ ಇರಲಿ ಎಂದಿದ್ದರು. ಮುರಿಗೆಪ್ಪ ಎರಡನೆಯ ಮಾತನ್ನು ಮಾತ್ರ ಇಟ್ಟುಕೊಂಡ, ಅದನ್ನೂ ವ್ಯಾಪಾರಸ್ಥನ ಬುದ್ಧಿಯಿಂದ ತಿಳಿದುಕೊಂಡ. ಖರ್ಚು ಮಾಡದ ಸರಕು ಉಳಿಯುತ್ತದೆ. ಹಾಗೆಯೇ ಬಳಸದ ಎದೆಯೂ ಬಹಳ ದಿನ ಬಾಳುತ್ತದೆ ಎಂದು ಲೆಕ್ಕ ಹಾಕಿದ. ಸೈಕಲ್ ಮಾರಿದ. ಮನೆಯಿಂದ ಅಂಗಡಿಗೆ ಬೀದಿ ಸುತ್ತಿ ಬರುವ ನಾಲ್ಕು ಹೆಜ್ಜೆಯೂ ಬೇಡವೆಂದು ನಡುಗೋಡೆ ಒಡೆಸಿ ಬಾಗಿಲು ಇಡಿಸಿದ. ನೀರಿನ ತಂಬಿಗೆ, ಎಲೆಯಡಿಕೆಯ ತಟ್ಟೆ, ಪೀಕದಾನಿ, ಆಳು ಕರೆಯುವ ಗಂಟೆಯ ಹಗ್ಗ, ಎಲ್ಲವೂ ಗಾದಿಯಿಂದ ಕೈಗೆ ಎಟಕುವಂತಾಯಿತು. ಎದೆಗೆ ಬಲ ಬರಲೆಂದು ತುಪ್ಪ. ತುಪ್ಪ ಇಳಿಯಲೆಂದು ಸಿಹಿ ಸಜ್ಜಕ. ಬೇಸರ ಕಳೆಯಲು ನಾಲ್ಕು ಗಂಟೆಗೆ ಮಿರ್ಚಿ, ಚುರುಮುರಿ. ಮೈ ಊದಿದಷ್ಟೂ ಉಸಿರು ಕಡಿಮೆಯಾಯಿತು, ಉಸಿರು ಕಡಿಮೆಯಾದಷ್ಟೂ ಕೂಡುವುದು ಹೆಚ್ಚಿತು.

ಅಣ್ಣ ತೀರಿದ ವರ್ಷ ಅವನು ಮಠಕ್ಕೆ ಒಂದು ಹರಕೆ ಹೊತ್ತಿದ್ದ: ಬದುಕಿರುವವರೆಗೆ ವರ್ಷಕ್ಕೊಮ್ಮೆ, ತಾನು ಹುಟ್ಟಿದ ಮಾಘಮಾಸದಲ್ಲಿ, ತನ್ನ ತೂಕದ ಬೆಲ್ಲದ ತುಲಾಭಾರ. ತಕ್ಕಡಿಯ ಒಂದು ಪರಡಿಯಲ್ಲಿ ಅವನು, ಇನ್ನೊಂದರಲ್ಲಿ ಬೆಲ್ಲ. ವರ್ಷ ವರ್ಷ ಬೆಲ್ಲ ಹೆಚ್ಚು ಹಿಡಿಯುತ್ತಿತ್ತು. ನೆರೆದ ಜನ, "ಸಾವ್ಕಾರ್ರ ಭಕ್ತಿ ಏರಾಕತ್ತೈತಿ ನೋಡ್ರಿ" ಎಂದು ಕೊಂಡಾಡುತ್ತಿದ್ದರು. ಅವನಿಗೂ ಅದು ಹಿತವಾಗಿತ್ತು. ಬೊಜ್ಜು ಪುಣ್ಯವಾಗಿ ಜಮೆಯಾಗುವ ಇಂಥ ಏರ್ಪಾಡು ಯಾವ ವ್ಯಾಪಾರಿಗೆ ಬೇಡ?

ನಲವತ್ತೊಂಬತ್ತು ತುಂಬಿದ ಮಾಘದಲ್ಲಿ ಹಮಾಲರು ಅವನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿದರು. ಮುಂದಿನ ಹೆಗಲು ಹಮಾಲ ಹುಸೇನಸಾಬನದು. ಅಂಗಡಿಯ ಹಳೆಯ ಆಳು, ಬಾಯಿಗೆ ಬೀಗವಿಲ್ಲದವನು.

"ಸಾವ್ಕಾರ, ಬೆಲ್ಲದ ಗಾಡಿ ಹಗರ ಐತ್ರಿ, ನೀವ ಭಾರ" ಎಂದ.

"ಮುಚ್ಚಲೇ ಬಾಯಿ. ಕಾಲ ನೋಡಿ ಇಡು."

ತಕ್ಕಡಿಯ ತೊಲೆ ಕಿರುಗುಟ್ಟಿತು. ಜನ ಕೈ ತಟ್ಟಿದರು. ಪರಡಿಯಿಂದ ಇಳಿಯಲು ಇಬ್ಬರು ಕೈಹಿಡಿಯಬೇಕಾಯಿತು. ಜನ ಚದುರಿದ ಮೇಲೆ ಮುರಿಗೆಪ್ಪ ಅಜ್ಜನವರ ಪಾದದ ಬಳಿ ಕುಸಿದು ಕೂತ. ಹೆಂಡತಿ ದಾನವ್ವ ಕಂಬದ ಮರೆಯಲ್ಲಿ ನಿಂತಿದ್ದಳು.

"ಅಜ್ಜಾರ, ಇನ್ನೊಂದ ವರ್ಷ ದಾಟಿದ್ರ ಐವತ್ತು. ನಮ್ಮ ಮನ್ಯಾಗ ಯಾರೂ ದಾಟಿಲ್ಲ. ಒಂದ ತಾಯತ ಕಟ್ರಿ. ಏನ ಕೇಳ್ತೀರಿ ಅದನ್ನ ಮಠಕ್ಕ ಕೊಡತೀನಿ."

ಅಜ್ಜನವರು ರಾಶಿ ಬಿದ್ದ ಬೆಲ್ಲದ ಕಡೆ ನೋಡಿದರು.

"ಮಳೆಗಾಲದಾಗ ಬೆಲ್ಲ ಇಟ್ಟಲ್ಲೇ ಇಟ್ಟರ ಏನಾಗತೈತಪಾ?"

ಈ ಪ್ರಶ್ನೆಗೆ ಮುರಿಗೆಪ್ಪ ಯೋಚಿಸಬೇಕಾಗಿರಲಿಲ್ಲ. "ಒಸರತೈತ್ರಿ. ನೀರೊಡದು ಅಚ್ಚು ಕರಗತಾವು. ದಿನಾ ಹೊರಳಸಬೇಕು, ಗಾಳಿಗೆ ಎತ್ತಿ ಇಡಬೇಕು."

"ಬೆಲ್ಲಾ ಹೊರಳಸ್ತಿ. ಬೆಲ್ಲದ ಸಾವ್ಕಾರನ್ನ ಯಾಕ ಹೊರಳಸವಲ್ಲಿ?"

ಮುರಿಗೆಪ್ಪನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಮಾಘದ ಚಳಿಗಾಳಿ ಬೀಸುತ್ತಿದ್ದರೂ ಇಳಿಯುತ್ತಿತ್ತು. ಅವನು ಅದನ್ನು ಕೈಯಿಂದ ಒರೆಸಿ ಬೆರಳು ನೋಡಿಕೊಂಡ.

"ಈ ಬೆಲ್ಲಾ ಗಾಡ್ಯಾಗ ಹೊಳ್ಳಿ ಒಯ್ಯಿ. ದಿನಾ ಒಂದೀಟು ನಿನ್ನ ಕೈಲೆ ಹೊತ್ತು ತಾ. ನಡದು ಬಾ, ಉಣ್ಣೂಕಿಂತ ಮೊದಲ ಬಾ" ಎಂದರು ಅಜ್ಜನವರು. "ಅದ ನಿನ್ನ ತಾಯತ."

ದಾನವ್ವ ಕಂಬದ ಮರೆಯಿಂದಲೇ ಅಳುದನಿಯಲ್ಲಿ, "ಹಾದ್ಯಾಗ ಏನರ ಆದರ ಯಪ್ಪಾ?" ಎಂದಳು. ಅಜ್ಜನವರು ಎದ್ದು ಹೋಗಿ, ತಾವೇ ಒಂದು ತಂಬಿಗೆ ನೀರು, ಒಂದು ತುಣುಕು ಬೆಲ್ಲ ತಂದು ಅವಳ ಕೈಗೆ ಕೊಟ್ಟರು.

ಆ ವಾರ ಮುರಿಗೆಪ್ಪ ಗುಡ್ಡದ ಕಡೆ ತಲೆ ಹಾಕಲಿಲ್ಲ. ಡಾಕ್ಟರನ್ನು ಮನೆಗೆ ಕರೆಸಿದ. ಮುದುಕ ಸ್ವಾಮಿಗಳಿಗೆ ಏನು ಗೊತ್ತು ಎಂದು ಅವರ ಬಾಯಿಂದ ಹೇಳಿಸಬೇಕೆಂಬ ಆಸೆ. ಡಾಕ್ಟರು, "ನಾ ಹೇಳಿದ್ದೂ ಅದನ್ನ. ನೀವು ಅರ್ಧಾ ಕೇಳಿದ್ರಿ. ಸಾವಕಾಶ ನಡೀರಿ" ಎಂದು ಚಹಾಕ್ಕೂ ಕೂಡದೆ ಹೋದರು. ಈಗ ಕೂತರೂ ಭಯ, ನಡೆದರೂ ಭಯ. ಕೂತು ಸತ್ತ ಅಣ್ಣನನ್ನು ಅವನು ಕಣ್ಣಾರೆ ಕಂಡಿದ್ದ. ನಡೆದು ಸತ್ತವರು ಮನೆಯಲ್ಲಿ ಯಾರೂ ಇರಲಿಲ್ಲ. ಕಡೆಗೆ ಅವನನ್ನು ಎಬ್ಬಿಸಿದ್ದು ಇಷ್ಟೇ ವಿಚಾರ.

ಒಂದು ಅಚ್ಚು ಒಡೆದು, ಸಣ್ಣ ತುಂಡೊಂದನ್ನು ಹೆಗಲ ವಲ್ಲಿಯಲ್ಲಿ ಕಟ್ಟಿಕೊಂಡು ಹೊರಟ. ಬೀದಿಯ ಜನ ಅಂಗಡಿ ಬಿಟ್ಟು ಎದ್ದು ನೋಡಿದರು. ಗುಡ್ಡದ ಬುಡದವರೆಗೆ ಮರ್ಯಾದೆಯೇ ನಡೆಸಿತು. ಮುಂದೆ ಹತ್ತಾರು ಮೆಟ್ಟಿಲು ಏರುವಷ್ಟರಲ್ಲಿ ಕಿವಿಯಲ್ಲಿ ಗುಂಯ್ ಎಂದಿತು. ಎದೆ ಅಂಗಡಿಯ ಕದ ಬಡಿದ ಹಾಗೆ ಬಡಿಯತೊಡಗಿತು. ಮೊಣಕಾಲು ಹಿಡಿದು ಬಿಸಿಲಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟ. ಬಂತು, ಇದೇ ಅದು, ಅಣ್ಣನಿಗೂ ಹೀಗೆಯೇ ಬಂದಿರಬೇಕು ಎಂದುಕೊಂಡ. ಬೆಲ್ಲದ ಗಂಟನ್ನು ಎದೆಗೆ ಒತ್ತಿಕೊಂಡ.

ಮೇಲಿನಿಂದ ಕಸಬರಿಗೆಯ ಸಪ್ಪಳ ಇಳಿದು ಬಂತು. ಅಜ್ಜನವರು ಅವನಿಗಿಂತ ಎರಡು ಮೆಟ್ಟಿಲು ಮೇಲೆ ನಿಂತರು. ಕೈ ಹಿಡಿದು ಎತ್ತಲಿಲ್ಲ.

"ಎದಿ ನೋಯತೈತೇನು?"

"ಇಲ್ರಿ... ಹಾರತೈತಿ..."

"ಮಾತ ಬರತೈತಲ್ಲ?"

"ಬರತೈತ್ರಿ."

"ಹಂಗಾರ ಸಾಯೂದಿಲ್ಲ. ಮಾತು ನಿಂತಲ್ಲಿ ನೀ ನಿಂದ್ರು. ಮಾತು ಬಂದ ಮ್ಯಾಲೆ ನಡಿ."

ಅಷ್ಟು ಹೇಳಿ ಅವನ ಕಾಲ ಬಳಿಯ ಕಸವನ್ನೂ ಗುಡಿಸಿಕೊಂಡು ಕೆಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ತುಂಬಿದ ಕೊಡ ಹೊತ್ತು ಅವನ ಪಕ್ಕದಲ್ಲಿಯೇ ಏರಿ ಹೋದರು. ಎಂಬತ್ತರ ಜೀವ ಕೊಡ ಹೊತ್ತು ಹೋಗುವಾಗ ಕೂತಿರಲು ನಾಚಿಕೆಯಾಗಿ ಮುರಿಗೆಪ್ಪ ಎದ್ದ.

ಅಂದಿನಿಂದ ದಿನವೂ ಹತ್ತತೊಡಗಿದ. ಮಠ ಮುಟ್ಟಿದವನಿಗೆ ಅಲ್ಲಿಯ ಊಟವೇ ಊಟ. ಅಜ್ಜನವರ ಎದುರು ನೆಲದ ಮೇಲೆ ಕೂತು ರೊಟ್ಟಿ ಉಣ್ಣಬೇಕು. ಸಜ್ಜಕವಿಲ್ಲ, ತುಪ್ಪದ ಮಿಳ್ಳಿಯಿಲ್ಲ. ಅಜ್ಜನವರು ಒಂದೊಂದು ತುತ್ತನ್ನೂ ನಿಧಾನವಾಗಿ ಅಗಿಯುವರು. ಅವರು ಕೈತೊಳೆದ ಮೇಲೆ ತಾನೊಬ್ಬನೇ ಉಣ್ಣುತ್ತ ಕೂಡುವುದು ಹೇಗೆ? ಅವನೂ ಏಳಬೇಕಾಗುತ್ತಿತ್ತು. ಬಂದ ಭಕ್ತರಿಗೆ ಬೆಲ್ಲ ನೀರು ಕೊಡುವ ಸೇವೆ ಅವನ ಪಾಲಿಗೆ ಬಂತು. ಒಬ್ಬರು ಬಂದರೆ ಏಳು, ಕೊಡು, ಕೂಡು. ಇನ್ನೊಬ್ಬರು ಬಂದರೆ ಮತ್ತೆ ಏಳು. ಮೊದಲು ಗೋಡೆ ಹಿಡಿದು ಏಳುತ್ತಿದ್ದ. ಯುಗಾದಿಯ ಹೊತ್ತಿಗೆ ನೆಲಕ್ಕೆ ಅಂಗೈ ಊರಿ ಏಳುವಂತಾದ. ಆದರೆ ರಾತ್ರಿ ಉಣ್ಣದೆ ಮಲಗಿದ ದಿನಗಳಲ್ಲಿ ಹೊಟ್ಟೆ ಚುರುಗುಟ್ಟಿದರೂ, ಎದೆಯೇ ಚುರುಗುಟ್ಟಿತೆಂದು ಹೆದರಿ ದಾನವ್ವನನ್ನು ಕರೆಯುವುದು ನಿಂತಿರಲಿಲ್ಲ. ಮೈ ಇಳಿಯುತ್ತಿತ್ತು, ಭಯ ಇಳಿಯುತ್ತಿರಲಿಲ್ಲ.

ಶ್ರಾವಣ ಬಂತು, ಪಂಚಮಿ ಬಂತು. ಅಣ್ಣ ಹೋದ ದಿನ.

ಬೆಳಗಿನಿಂದ ಜಿಟಿಜಿಟಿ ಮಳೆ. ದಾನವ್ವ ಬಾಗಿಲಿಗೆ ಅಡ್ಡ ನಿಂತಳು. "ಇವತ್ತೊಂದಿನ ಎಲ್ಲೂ ಹೋಗಬ್ಯಾಡ್ರಿ. ನನ್ನ ಮಾಂಗಲ್ಯದ ಮ್ಯಾಲೆ ಆಣಿ. ಅಜ್ಜಾರಿಗೆ ನಾ ಹೇಳಿ ಕಳಸ್ತೀನಿ."

ಮುರಿಗೆಪ್ಪನಿಗೂ ಅದೇ ಬೇಕಾಗಿತ್ತು. ನಡುಬಾಗಿಲು ದಾಟಿ ಗಾದಿಯ ಮೇಲೆ ಕೂತ. ತಟ್ಟೆ ತುಂಬ ಎಳ್ಳುಂಡಿ, ಶೇಂಗಾದುಂಡಿ, ರವೆಯುಂಡಿ ಬಂದವು. ಹಬ್ಬದ ದಿನ ಬೇಡವೆನ್ನಬಾರದೆಂದು ಒಂದು ತಿಂದ. ಹೆದರಿಕೆಯನ್ನು ಅದುಮಲು ಇನ್ನೊಂದು. ಆಮೇಲೆ ಎಷ್ಟು ತಿಂದನೋ ಅವನಿಗೇ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯತೊಡಗಿದವು. ದಿಂಬಿಗೆ ಒರಗಿದ. ಅದೇ ದಿಂಬು, ಅದೇ ಹೊತ್ತು, ಹೊರಗೆ ಅದೇ ಮಳೆ. ರೆಪ್ಪೆ ಕೂಡಿದರೆ ಮತ್ತೆ ತೆರೆಯಲಾರವು ಎಂಬ ಭಯಕ್ಕೆ ಕಣ್ಣು ತೆರೆದೇ ಇಟ್ಟುಕೊಂಡ. ಏಳಲು ಭಯ, ಒರಗಲು ಭಯ. ಕಣ್ಣೆದುರಿಗೆ ಒಳಕೋಣೆಯ ಬೆಲ್ಲದ ರಾಶಿ. ಹಬ್ಬವೆಂದು ಹಮಾಲರು ಬಂದಿರಲಿಲ್ಲ, ಅಚ್ಚುಗಳನ್ನು ಯಾರೂ ಹೊರಳಿಸಿರಲಿಲ್ಲ. ಕೆಳಗಿನ ಸಾಲಿನಿಂದ ಕಪ್ಪು ಪಾಕ ಒಸರಿ, ಫರಸಿಕಲ್ಲಿನ ನೆಲದ ಮೇಲೆ ಗೆರೆಯಾಗಿ, ಗಾದಿಯ ಅಂಚಿಗೆ ಬಂದು ತಾಗಿತ್ತು.

ಮುರಿಗೆಪ್ಪ ಅದನ್ನು ನೋಡಿದ. ಗಂಟೆಯ ಹಗ್ಗದ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಎದ್ದು, ಅಚ್ಚುಗಳನ್ನು ಒಂದೊಂದಾಗಿ ತಾನೇ ಹೊರಳಿಸಿ ಇಟ್ಟ. ಕಡೆಯ ಅಚ್ಚನ್ನು ಇಡಲಿಲ್ಲ. ಹೆಗಲ ಮೇಲೆ ಏರಿಸಿ, ಮೇಲೆ ಗೋಣಿಚೀಲ ಹೊದ್ದು, ನಡುಬಾಗಿಲು ಬಿಟ್ಟು ಬೀದಿಯ ಬಾಗಿಲಿನಿಂದ ಹೊರಬಿದ್ದ. ದಾನವ್ವ ಕೂಗುತ್ತ ಅಂಗಳದವರೆಗೆ ಬಂದಳು. "ಕೂತರ ಅಣ್ಣನಂಗ ಹೋಗತೀನಿ ದಾನವ್ವಾ, ಬಿಡು" ಎಂದ, ತಿರುಗಿ ನೋಡಲಿಲ್ಲ.

ಮೆಟ್ಟಿಲು ಜಾರುತ್ತಿದ್ದವು. ಭಯ ಬೆನ್ನಿಗೇ ಇತ್ತು. ಮಾತು ನಿಂತಲ್ಲಿ ನಿಲ್ಲಬೇಕಲ್ಲ, ಮಾತು ಇದೆಯೋ ಇಲ್ಲವೋ ತಿಳಿಯಲು ಯಾರ ಜೊತೆಗಾದರೂ ಮಾತಾಡಬೇಕಿತ್ತು. ಮಳೆಯಲ್ಲಿ ಯಾರಿರುತ್ತಾರೆ? ಅವನು ಮನಸ್ಸಿಗೆ ಬಂದವರ ಜೊತೆ ಮಾತಾಡತೊಡಗಿದ.

ನೆತ್ತಿ ಮುಟ್ಟಿದಾಗ ಅಜ್ಜನವರು ಬಾಗಿಲಲ್ಲಿ ನಿಂತಿದ್ದರು. ಅಚ್ಚನ್ನು ಇಳಿಸಿಕೊಂಡರು, ಮೈ ಒರೆಸಲು ವಲ್ಲಿ ಕೊಟ್ಟರು, ನೀರು ಕೊಟ್ಟರು.

"ಎಲ್ಲೆಲ್ಲಿ ನಿಂತಿ?"

ಮುರಿಗೆಪ್ಪ ನೆನಪು ಮಾಡಿಕೊಂಡ. ಅವನ ಮುಖ ಬದಲಾಯಿತು. "ಎಲ್ಲೂ ನಿಂದ್ರಲಿಲ್ರಿ ಅಜ್ಜಾರ. ಹಾದೀತುಂಬ ಮಾತಾಡಕೋತ ಬಂದೆ."

"ಯಾರ ಕೂಡ?"

ಮುರಿಗೆಪ್ಪ ವಲ್ಲಿಯಿಂದ ಮುಖ ಒರೆಸಿಕೊಂಡ. "ಅಣ್ಣನ ಕೂಡ."

ಹೊರಗೆ ಮಳೆ ಸುರಿಯುತ್ತಿತ್ತು. ಅಜ್ಜನವರು ಅಚ್ಚಿನಿಂದ ಒಂದು ತುಣುಕು ಮುರಿದು ಅವನ ಅಂಗೈಯಲ್ಲಿ ಇಟ್ಟರು. "ಅಂವಗೂ ಒಂದೀಟು ಇಡು. ಅಂವಗ ಯಾರೂ ಎದ್ದೇಳ ಅನ್ನಲಿಲ್ಲ."

ಮುರಿಗೆಪ್ಪ ಅಣ್ಣನನ್ನು ಮಣ್ಣು ಮಾಡಿದ ದಿನ ವ್ಯಾಪಾರಿಯ ಬಿಗಿಯಲ್ಲಿ ಅಳದೆ ನಿಂತವನು. ಈ ಪಂಚಮಿಯ ದಿನ ಮಠದ ಹೊಸ್ತಿಲ ಮೇಲೆ ಬೆಲ್ಲ ಇಟ್ಟು, ಕೂಸಿನ ಹಾಗೆ ಅತ್ತ. ಇಳಿದು ಮನೆಗೆ ಬಂದಾಗ ದಾನವ್ವ ಅಂಗಳದಲ್ಲಿಯೇ ತೋಯಿಸಿಕೊಂಡು ನಿಂತಿದ್ದಳು. ಅವನು ಅವಳನ್ನು ದಾಟಿ ಹೋಗಿ ದಿಂಬನ್ನು ಎತ್ತಿ ಅಟ್ಟಕ್ಕೆ ಹಾಕಿದ.

ಮಾಘ ಬಂತು. ಐವತ್ತು ತುಂಬಿದ ಮುರಿಗೆಪ್ಪ ಹೋದ ವರ್ಷದ ರಾಶಿಯಲ್ಲಿ ಉಳಿದ ಕಡೆಯ ಬೆಲ್ಲವನ್ನು ಹೆಗಲ ಮೇಲೆ ಹೊತ್ತು, ಕುರ್ಚಿಯಿಲ್ಲದೆ ಬಂದು, ತಾನೇ ಪರಡಿ ಏರಿದ. ಹಮಾಲರು ಹೋದ ವರ್ಷದ ತೂಕಕ್ಕೆ ಹೊಸ ಬೆಲ್ಲ ತಂದು ರಾಶಿ ಹಾಕಿದ್ದರು, ಇನ್ನೊಂದು ಪರಡಿಗೆ ಅದು ಬೀಳುತ್ತಿತ್ತು. ರಾಶಿಯ ಕಾಲುಪಾಲು ಹಾಗೆಯೇ ಉಳಿದಿರುವಾಗ ತೊಲೆ ಸರಿಯಾಗಿ ನಿಂತುಬಿಟ್ಟಿತು. ಜನ ಕೈ ತಟ್ಟಲು ಮರೆತರು. ಹುಸೇನಸಾಬ ಗಟ್ಟಿಯಾಗಿಯೇ ಹೇಳಿದ:

"ಸಾವ್ಕಾರ, ಭಕ್ತಿ ಭಾಳ ಇಳದೈತಲ್ರಿ!"

ಕೆಲವರು ನಕ್ಕರು. ಕೆಲವರಿಗೆ ನಿಜವಾಗಿಯೇ ಬೇಸರವಾಗಿತ್ತು. ಮಠಕ್ಕೆ ನಷ್ಟವಾಯಿತೆಂದು ಗೊಣಗಿದರು. ಮುರಿಗೆಪ್ಪ ಪರಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಜ್ಜನವರು ಎದ್ದು ಬಂದು ತೊಲೆಯ ಮೇಲೆ ಕೈ ಇಟ್ಟರು.

"ಇಳದದ್ದು ಎಲ್ಲೂ ಹೋಗಿಲ್ಲ. ಮೆಟ್ಟಲದ ಮ್ಯಾಲೆ ಐತಿ. ಹೋಗೂ ಮುಂದ ನೋಡಕೋತ ಹೋಗ್ರಿ."

ಗೊಣಗಾಟ ನಿಂತಿತು. ಹುಸೇನಸಾಬ ಮುಂದೆ ಬಂದು ಕೈ ಚಾಚಿದ. ಮುರಿಗೆಪ್ಪ ಅದನ್ನು ಹಿಡಿಯದೆ, ಪರಡಿಯಿಂದ ತಾನೇ ಎದ್ದು ನಿಂತ.

ಮರುದಿನ ಗೌಂಡಿಯನ್ನು ಕರೆಸಿ ಮನೆಗೂ ಅಂಗಡಿಗೂ ನಡುವಿನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಸಿದನು. ಬಾಗಿಲಿದ್ದಲ್ಲಿ ಗೋಡೆಯಲ್ಲಿ ಒಂದು ಗೂಡು ಬಿಡಿಸಿ, ಬಂದವರಿಗೆಂದು ಬೆಲ್ಲವನ್ನೂ ತಂಬಿಗೆಯನ್ನೂ ಅದರಲ್ಲಿ ಇಟ್ಟನು. ಗಾದಿಯಿಂದ ಕೈ ಚಾಚಿದರೆ ಅದು ಎಟಕುತ್ತಿರಲಿಲ್ಲ. ಗಿರಾಕಿ ಬಂದಾಗಲೆಲ್ಲ ಮುರಿಗೆಪ್ಪ ಎದ್ದು ಹೋಗಿ ತರುತ್ತಿದ್ದನು. ತಲೆ ಪೂರ್ತಿ ನೆರೆತ ಮೇಲೂ ಹಾಗೆಯೇ ಎದ್ದು ಹೋಗುತ್ತಿದ್ದನು. ಗುಡ್ಡದ ಅಜ್ಜನವರು ಲಿಂಗೈಕ್ಯರಾದ ಮೇಲೆ ಆ ಮೆಟ್ಟಿಲುಗಳನ್ನು ಗುಡಿಸುವ ಕಸಬರಿಗೆ ಯಾರ ಕೈಗೆ ಬಂತು ಎಂಬುದನ್ನು ಸಂಗನಪೇಟೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.